ಮೂವತ್ಮೂರರ ಕೋಡಿ

ಚಿತ್ರದುರ್ಗ, 18 ಜನವರಿ 2025, ಶನಿವಾರ

ಮಾರಿಕಣಿವೆ, ಅಂದರೆ ನಮ್ಮ ವಾಣಿವಿಲಾಸ ಸಾಗರ ಅಣೆಕಟ್ಟು, ಈ ತಿಂಗಳು ಮತ್ತೆ ಕೋಡಿ ಬಿದ್ದಿದೆ. ಆ ನೆಪದಲ್ಲಿ ಏಳು ಸಾಲಿನ ಒಂದು ಒಲವಿನ ಕವಿತೆ ಇಲ್ಲಿಡುತ್ತಿದ್ದೇನೆ.

ನೀನು ತುಟಿ ಬಿಚ್ಚಿದರೆ ಮೂವತ್ಮೂರರ ಕೋಡಿ,
ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಬರುತ್ತದೆ.
ನಿನ್ನ ನಗು ಮಂಡಕ್ಕಿ ಭಟ್ಟಿಯ ಮರಳು,
ಉಪ್ಪುಂಡ ಅಕ್ಕಿ ನಾನು, ಅರೆಗಳಿಗೆ ಸಾಕು.
ದುರ್ಗದ ಮೇಲಿನ ಹೊಂಡ ನೀನು, ಕೆಳಗಿನದು ನಾನು;
ತುಂಬಿದರೂ ಸರಿ, ಬತ್ತಿದರೂ ಸರಿ,
ನನ್ನ ಕೆಸರಿಗೂ ನಿನ್ನ ಬಂಡೆಯದೇ ರುಚಿ.

ಮೂರೂ ರೂಪಕಗಳು ನಮ್ಮ ಸೀಮೆಯವೇ. ಆದರೆ ಊರಿನ ಹೆಸರು ತಂದು ಹಾಕಿದ ಮಾತ್ರಕ್ಕೆ ರೂಪಕ ಆಗುವುದಿಲ್ಲ. ಆ ವಸ್ತು ಹೇಗೆ ಕೆಲಸ ಮಾಡುತ್ತದೆ ಎಂಬುದು ಸಾಲಿನೊಳಗೆ ಇಳಿಯಬೇಕು.

ಮಂಡಕ್ಕಿಯನ್ನೇ ನೋಡಿ. ದಾವಣಗೆರೆಯ ಭಟ್ಟಿಗೆ ಬರುವ ಅಕ್ಕಿ ಅದಾಗಲೇ ಬಹಳ ಹಾದಿ ಸವೆಸಿರುತ್ತದೆ. ಭತ್ತ ನೆನೆಸಬೇಕು, ಬೇಯಿಸಬೇಕು, ಒಣಗಿಸಿ ಸಿಪ್ಪೆ ತೆಗೆಸಬೇಕು. ಆ ಅಕ್ಕಿಗೆ ಉಪ್ಪುನೀರು ಹಿಡಿಸಿ, ಹದವಾಗಿ ಬಿಸಿ ಮಾಡಿ, ಕಡೆಗೆ ಕಾದ ಮರಳಿಗೆ ಸುರಿಯುತ್ತಾರೆ. ಕಾಳಿನೊಳಗಿನ ತೇವ ತಟ್ಟನೆ ಆವಿಯಾಗಿ ಕಾಳು ಅರಳುತ್ತದೆ. ತೇವ ಆರಿಹೋಗಿದ್ದರೆ ಅರಳದೆ ಸೀಯುತ್ತದೆ. ಹೆಚ್ಚಿದ್ದರೆ ಅರೆಬರೆ ಉಬ್ಬಿ ಗಟ್ಟಿಯಾಗುತ್ತದೆ. ಪ್ರೇಮಿಗೆ ಈ ಹೋಲಿಕೆ ಒಪ್ಪುವುದು ಇಲ್ಲೇ: ಅರಳುವುದು ಅರೆಗಳಿಗೆಯ ಕೆಲಸ, ಅದಕ್ಕೆ ತಯಾರಾಗುವುದು ದಿನಗಟ್ಟಲೆಯದು. ಅದಕ್ಕೇ ‘ಉಪ್ಪುಂಡ’ ಎಂಬ ಮಾತು ಬೇಕಾಯಿತು. ಬರೀ ‘ಅಕ್ಕಿ ನಾನು’ ಎಂದಿದ್ದರೆ ಆ ತಯಾರಿಯೆಲ್ಲ ಬಿಟ್ಟುಹೋಗುತ್ತಿತ್ತು. ಮರಳನ್ನು ಜರಡಿ ಹಿಡಿದು ಮಂಡಕ್ಕಿಯನ್ನು ಬೇರೆ ಮಾಡುವುದೂ ಉಂಟು. ಅಗಲಿಕೆಯ ಕವಿತೆ ಬರೆಯುವವರು ಅಲ್ಲಿಂದ ಶುರುಮಾಡಬಹುದು.

ಇನ್ನು ಕೋಡಿ. ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರ ಪೂರ್ತಿಯಾದದ್ದು 1907ರಲ್ಲಿ. 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಹರಿದದ್ದು 2022ರಲ್ಲಿ, 89 ವರ್ಷಕ್ಕೆ. ಮಾತು ಕಡಿಮೆಯಿರುವ ಹುಡುಗಿ ಒಮ್ಮೆ ಬಾಯಿಬಿಟ್ಟರೆ ಹೇಗೆ ಎನ್ನುವುದಕ್ಕೆ ಇದಕ್ಕಿಂತ ಸರಿಯಾದದ್ದು ಈ ಬಯಲುಸೀಮೆಯಲ್ಲಿ ಸಿಗದು. ಆದರೆ ಈಗ ಮೂರು ವರ್ಷ ತುಂಬುವ ಮೊದಲೇ ಮತ್ತೊಮ್ಮೆ ಹರಿದಿದೆ, ಭದ್ರೆಯ ನೀರೂ ಬಂದು ಸೇರುತ್ತಿದೆ. ರೈತರಿಗೆ ಇದು ಹಬ್ಬ. ಕವಿತೆ ಮಾತ್ರ ಎಚ್ಚರವಾಗಿರಬೇಕು: ‘ಮಾರಿಕಣಿವೆಯ ಕೋಡಿ’ ಎಂದಷ್ಟೇ ಹೇಳಿದರೆ ಅಪರೂಪ ಎಂಬ ಅರ್ಥ ಇನ್ನು ಮುಂದೆ ತಾನಾಗಿ ಬರಲಾರದು, ವಾಚಾಳಿ ಎಂದೇ ಕೇಳಿಸಬಹುದು. ಹಾಗಾಗಿ ವರ್ಷ ಸಾಲಿನಲ್ಲೇ ಇರಲೇಬೇಕು.

ಕೋಟೆಯ ಹೊಂಡಗಳದು ಬೇರೆಯೇ ತೊಡಕು. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿ ಚೆಲ್ಲಿದ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿದು, ಮುಂದೆ ಊರ ಕಡೆಗೆ ಸಾಗುತ್ತದೆ. ಒಬ್ಬರ ತುಂಬು ಇನ್ನೊಬ್ಬರ ಪಾಲಾಗುವ ಈ ಏರ್ಪಾಡು ಒಲವಿಗೆ ಎಷ್ಟು ಚೆಂದ! ಆದರೆ ಅಕ್ಕ, ತಂಗಿ ಎಂಬ ಹೆಸರು ಬಂತೋ, ಪ್ರೇಮಿಗಳು ಒಡಹುಟ್ಟಿದವರಾಗುತ್ತಾರೆ. ಅದಕ್ಕೆ ‘ಮೇಲಿನದು, ಕೆಳಗಿನದು’ ಎಂದಷ್ಟೇ ಇದೆ. ಇದೇ ಕಾರಣಕ್ಕೆ ‘ನನ್ನ ಎದೆಯ ಕಿಂಡಿಯಲ್ಲಿ ನುಸುಳಿ ಬಾ’ ಎಂಬಂಥ ಸಾಲು ದುರ್ಗದಲ್ಲಿ ನಡೆಯದು. ಇಲ್ಲಿ ಕಿಂಡಿ ಎಂದೊಡನೆ ಓಬವ್ವನ ಒನಕೆ ಕಣ್ಣಿಗೆ ಬರುತ್ತದೆ, ನುಸುಳಿ ಬಂದವನ ಗತಿಯೂ ಗೊತ್ತು.

ಬರೆಯುವವರಿಗೆ ಎರಡು ಮಾತು. ಮೊದಲ ಕರಡಿನಲ್ಲಿ ‘ಅಂತೆ’, ‘ಹಾಗೆ’ ಇರಲಿ. ಉಪಮೇಯ, ಉಪಮಾನ, ಎರಡಕ್ಕೂ ಸಮಾನವಾದ ಗುಣ ಸ್ಪಷ್ಟವಾಗಲಿ. ಆಮೇಲೆ ‘ಅಂತೆ’, ‘ಹಾಗೆ’ಗಳನ್ನು ತೆಗೆದು ಓದಿ. ಸಾಲು ಕುಸಿದರೆ ಅಲ್ಲಿ ರೂಪಕ ಹುಟ್ಟಿಯೇ ಇಲ್ಲ. ಇನ್ನೊಂದು, ಒಂದು ಚಿತ್ರ ಬಿಚ್ಚಿಕೊಳ್ಳಲು ಕನಿಷ್ಠ ಎರಡು ಸಾಲು ಬೇಕು. ಏಳು ಸಾಲಿಗೆ ಮೂರೇ ಹೆಚ್ಚು. ನಾಲ್ಕನೆಯದನ್ನು ತುರುಕಿದರೆ ಓದುಗರು ಹುಡುಗಿಯನ್ನು ಮರೆತು ವಸ್ತುಗಳನ್ನು ಎಣಿಸತೊಡಗುತ್ತಾರೆ.

ಬೇರೆ ಸೀಮೆಯ ಗೆಳೆಯರಿಗೆ ಇದನ್ನು ಕಳಿಸುವವರು ಅಡಿಟಿಪ್ಪಣಿ ಹಾಕಬೇಡಿ. 1933, 2022 ಎಂಬ ಎರಡು ಇಸವಿಗಳನ್ನು ಮೊದಲೇ ಹೇಳಿ, ಆಮೇಲೆ ಕವಿತೆ ಓದಲು ಕೊಡಿ.