ವಲಸೆ ನೀತಿಯೂ ಮಕ್ಕಳ ಮನಸ್ಸೂ

ಬಾಲ್ಯದಲ್ಲಿ ದಾಖಲೆಗಳಿಲ್ಲದೆ ಅಮೆರಿಕಕ್ಕೆ ಬಂದು ಅಲ್ಲಿಯೇ ಬೆಳೆದವರಿಗೆ ಎರಡೆರಡು ವರ್ಷಗಳ ಮಟ್ಟಿಗೆ ಗಡೀಪಾರಿನಿಂದ ರಕ್ಷಣೆಯನ್ನೂ ಕೆಲಸ ಮಾಡುವ ಪರವಾನಗಿಯನ್ನೂ ಕೊಡುವ ‘ಡಾಕಾ’ ಯೋಜನೆಯನ್ನು ಅಲ್ಲಿನ ಸರ್ಕಾರ 2012ರ ಜೂನ್ 15ರಂದು ಪ್ರಕಟಿಸಿತು. ಆ ದಿನಕ್ಕೆ 31 ವರ್ಷ ತುಂಬಿದ್ದವರಿಗೆ ಅದರಲ್ಲಿ ಅವಕಾಶವಿರಲಿಲ್ಲ. ಹೀಗಾಗಿ, ಉಳಿದೆಲ್ಲ ವಿಷಯಗಳಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯ ತಾಯಂದಿರಲ್ಲಿ ಕೆಲವರು ಹುಟ್ಟಿದ ದಿನಾಂಕದ ಬಲದಿಂದಷ್ಟೇ ಭಯದಿಂದ ಪಾರಾದರು, ಉಳಿದವರು ಪಾರಾಗಲಿಲ್ಲ. ಆರೆಗಾನ್ ರಾಜ್ಯದ ವೈದ್ಯಕೀಯ ದಾಖಲೆಗಳಲ್ಲಿ ಈ ಎರಡು ಗುಂಪಿನ ತಾಯಂದಿರ ಮಕ್ಕಳನ್ನು ಹೋಲಿಸಿ ನೋಡಿದ ಅಧ್ಯಯನವೊಂದು 2017ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ತಾಯಿಗೆ ಅರ್ಹತೆ ದೊರೆತ ಮಕ್ಕಳಲ್ಲಿ ಆತಂಕ ಹಾಗೂ ಹೊಂದಾಣಿಕೆಗೆ ಸಂಬಂಧಿಸಿದ ಮಾನಸಿಕ ತೊಂದರೆಗಳು ಅರ್ಧಕ್ಕಿಂತಲೂ ಹೆಚ್ಚು ಇಳಿದಿದ್ದವು. ಆ ಮಕ್ಕಳು ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಅವರ ಸ್ವಂತ ಹಕ್ಕುಗಳಲ್ಲಿ ಏನೊಂದೂ ಬದಲಾಗಿರಲಿಲ್ಲ ಎಂಬುದೇ ನನ್ನನ್ನು ಹೆಚ್ಚು ಕಾಡಿದ ಸಂಗತಿ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. 2008ರ ಮೇ 12ರಂದು ಅಯೋವಾ ರಾಜ್ಯದ ಪೋಸ್ಟ್‌ವಿಲ್ ಎಂಬ ಸಣ್ಣ ಊರಿನ ಮಾಂಸ ಸಂಸ್ಕರಣಾ ಘಟಕದ ಮೇಲೆ ವಲಸೆ ಅಧಿಕಾರಿಗಳು ದಾಳಿ ನಡೆಸಿ 389 ಮಂದಿಯನ್ನು ಬಂಧಿಸಿದರು. ಅದರ ನಂತರದ ತಿಂಗಳುಗಳಲ್ಲಿ, ಇಡೀ ಅಯೋವಾದಲ್ಲಿ, ಲ್ಯಾಟಿನೊ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ, ತಾಯಂದಿರಿಗೆ ಹುಟ್ಟಿದ ಕೂಸುಗಳು ಕಡಿಮೆ ತೂಕದವಾಗಿರುವ ಸಂಭವ ಹಿಂದಿನ ವರ್ಷದ ಅದೇ ಅವಧಿಗಿಂತ ಶೇಕಡ 24ರಷ್ಟು ಹೆಚ್ಚಿತ್ತು. ಬಿಳಿಯ ತಾಯಂದಿರಲ್ಲಿ ಅಂಥ ಏರಿಕೆ ಕಾಣಲಿಲ್ಲ. ಅಮೆರಿಕದಲ್ಲೇ ಹುಟ್ಟಿದ, ಕಾನೂನಿನ ಪ್ರಕಾರ ಯಾರಿಗೂ ಹೆದರಬೇಕಿಲ್ಲದ ಲ್ಯಾಟಿನೊ ತಾಯಂದಿರೂ ಇದಕ್ಕೆ ಹೊರತಾಗಿರಲಿಲ್ಲ.

ದಾಖಲೆಗಳು ಸರಿಯಾಗಿದ್ದರೆ ಈ ಚಿಂತೆ ಇರದು ಎಂದು ನಮ್ಮಲ್ಲಿ ಹಲವರು ಭಾವಿಸುತ್ತಾರೆ. ನಾನು ಒಪ್ಪಲಾರೆ. ಉದ್ಯೋಗದ ಆಧಾರದ ಮೇಲೆ ಕೊಡುವ ಗ್ರೀನ್ ಕಾರ್ಡ್‌ಗಳಲ್ಲಿ (ಕಾಯಂ ವಾಸದ ಪರವಾನಗಿ) ಯಾವುದೇ ಒಂದು ದೇಶದವರಿಗೆ ಶೇಕಡ 7ರ ಮಿತಿ ಇರುವುದರಿಂದ ಭಾರತೀಯರ ಸರದಿ ದಶಕಗಳಷ್ಟು ಉದ್ದವಾಗಿದೆ. ಎಚ್-1ಬಿ ಉದ್ಯೋಗ ವೀಸಾದ ಮೇಲಿರುವವರ ಕೆಲಸ ಹೋದರೆ ದಾರಿ ನೋಡಿಕೊಳ್ಳಲು ಹೆಚ್ಚೆಂದರೆ 60 ದಿನ. ಕೂಸಾಗಿದ್ದಾಗ ಬಂದು ಅಲ್ಲಿಯೇ ಓದಿ ಬೆಳೆದ ಮಗಳು, ಸರದಿ ಮುಗಿಯುವ ಮೊದಲೇ 21 ತುಂಬಿದರೆ, ಹೆತ್ತವರ ವೀಸಾದ ಆಸರೆ ತಪ್ಪಿ ವಿದ್ಯಾರ್ಥಿ ವೀಸಾಕ್ಕೆ ಅರ್ಜಿ ಹಾಕಬೇಕು, ಇಲ್ಲವೇ ದೇಶ ಬಿಡಬೇಕು. ಮೊದಲಿನಿಂದಲೂ ಕ್ರಮಬದ್ಧವಾಗಿ ವಾಸಿಸಿದ ಕಾರಣಕ್ಕೇ ಇಂಥ ಮಕ್ಕಳಿಗೆ ಡಾಕಾ ಕೂಡ ಅನ್ವಯಿಸುವುದಿಲ್ಲ.

ಧ್ಯಾನ ಮಾಡಿ, ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದು ಈ ಕುಟುಂಬಗಳಿಗೆ ಉಪದೇಶಿಸುವುದು ನನಗೆ ತುಸು ಕ್ರೂರವಾಗಿಯೇ ಕಾಣುತ್ತದೆ. ಆಪ್ತ ಸಮಾಲೋಚನೆಯಿಂದ ನಿದ್ದೆ ಬರಬಹುದು, ಸರದಿ ಮುಂದೆ ಸರಿಯದು. ಮೇಲಾಗಿ, ನೆರವು ಕೇಳುವುದಕ್ಕೂ ಅಂಜುವಂತೆ ನೀತಿಯೇ ಮಾಡಿದ್ದುಂಟು. ಸರ್ಕಾರಿ ಸೌಲಭ್ಯ ಪಡೆಯುವವರಿಗೆ ಗ್ರೀನ್ ಕಾರ್ಡ್ ನಿರಾಕರಿಸಲು ಅವಕಾಶ ಕೊಡುವ ‘ಪಬ್ಲಿಕ್ ಚಾರ್ಜ್’ ನಿಯಮವನ್ನು 2019ರಲ್ಲಿ ಬಿಗಿಗೊಳಿಸಲಾಯಿತು. ಬಡವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆಯಾದ ಮೆಡಿಕೈಡ್, ಮಕ್ಕಳ ಮಟ್ಟಿಗೆ, ಆ ಲೆಕ್ಕಕ್ಕೆ ಸೇರಿರಲಿಲ್ಲ. ಆದರೂ ಮುಂದೆ ತೊಡಕಾದೀತೆಂದು ಹೆದರಿ ಎಷ್ಟೋ ಮಂದಿ ಮಕ್ಕಳನ್ನೂ ಅದರಿಂದ ಹೊರಗಿಟ್ಟರು. ಬಿಗಿಗೊಳಿಸಿದ ಆ ನಿಯಮ 2021ರಲ್ಲಿ ರದ್ದಾಯಿತು. ಅರ್ಹತೆಯಿದ್ದೂ ಅರ್ಜಿ ಹಾಕದ ಕುಟುಂಬಗಳು ಅದಾದ ಮೇಲೂ ಇದ್ದವು.