199ನೇ ಆಯ್ಕೆ

ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ಗೆ ಮುಂಚೆ, ಆ ಹುಡುಗರನ್ನು ಅಳೆದು ನೋಡುವ ಸ್ಕೌಟ್‌ಗಳು ಬರೆದ ಹಳೇ ವರದಿಗಳನ್ನು ಓದುವುದು ನನಗೆ ತುಂಬಾ ಇಷ್ಟ. ಇವತ್ತು ಮತ್ತೆ ಟಾಮ್ ಬ್ರೇಡಿ ಎಂಬ ಕ್ವಾರ್ಟರ್‌ಬ್ಯಾಕ್‌ನದ್ದು (ಚೆಂಡೆಸೆದು ತಂಡದ ದಾಳಿ ನಡೆಸುವವನು) ಓದಿದೆ, 2000ನೇ ಇಸವಿಯದು. ಆಳು ಸಣಕಲು, ಎಸೆತದಲ್ಲಿ ಜೋರಿಲ್ಲ, ಕಾಲು ಚುರುಕಿಲ್ಲ. 40 ಗಜ ಓಡಲು 5.28 ಸೆಕೆಂಡ್! ಬರೀ ಚಡ್ಡಿಯಲ್ಲಿ ನಿಂತಿರುವ ಆ ಫೋಟೊ ನೋಡಿದ್ದೀರಾ? ಅದನ್ನು ನೋಡಿದರೆ ಸ್ಕೌಟ್‌ಗಳನ್ನು ಬೈಯಲು ಮನಸ್ಸೇ ಬರಲ್ಲ, ಕಣ್ಣಿಗೆ ಕಂಡದ್ದನ್ನೇ ಬರೆದಿದ್ದಾರೆ ಪಾಪ.

ಆದರೆ ಕಣ್ಣೆದುರೇ ಇನ್ನೊಂದೂ ಇತ್ತಲ್ವಾ? ಅದೇ ವರ್ಷ ಜನವರಿ 1ರಂದು ಆರೆಂಜ್ ಬೌಲ್ ಎಂಬ ಕಾಲೇಜು ಪಂದ್ಯದಲ್ಲಿ ಅವನ ಮಿಶಿಗನ್ ತಂಡ ಅಲಬಾಮಾ ಎದುರು ಎರಡು ಸಲ 14 ಪಾಯಿಂಟ್ ಹಿಂದೆ ಬಿದ್ದಿತ್ತು, ಎರಡೂ ಸಲ ಈ ಸಣಕಲು ಹುಡುಗನೇ ತಂಡವನ್ನು ಮೇಲೆತ್ತಿ, ಕೊನೆಗೆ ಓವರ್‌ಟೈಮ್‌ನಲ್ಲಿ 35-34ರಿಂದ ಗೆಲ್ಲಿಸಿದ್ದ. ಆದರೂ ಡ್ರಾಫ್ಟ್‌ನಲ್ಲಿ ಅವನು 199ನೇ ಆಯ್ಕೆ, ಅವನಿಗಿಂತ ಮೊದಲು ಆರು ಕ್ವಾರ್ಟರ್‌ಬ್ಯಾಕ್‌ಗಳು ಆಯ್ಕೆಯಾದರು. ಆಮೇಲೆ ಅವನು ಗೆದ್ದದ್ದು ಏಳು ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್.

ಉಲ್ಟಾ ಆದದ್ದೂ ಇದೆ. 1998ರಲ್ಲಿ ಮೊದಲು ಆರಿಸಬೇಕಾದ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗಾ, ರಯಾನ್ ಲೀಫಾ ಅಂತ ದೊಡ್ಡ ಚರ್ಚೆಯೇ ನಡೆದಿತ್ತು. ಲೀಫ್ ಕೈಯ ಜೋರು ಎಲ್ಲರಿಗೂ ಹಿಡಿಸಿತ್ತು. ಕೆಲವೇ ವರ್ಷಗಳಲ್ಲಿ ಅವನ ಆಟ ಮುಗಿಯಿತು. ಇನ್ನು ಬ್ರೇಡಿಯಂತೆಯೇ, 2022ರಲ್ಲಿ ಕಟ್ಟಕಡೆಯ, 262ನೇ ಆಯ್ಕೆಯಾದ ಬ್ರಾಕ್ ಪರ್ಡಿ ಮುಂದಿನ ವರ್ಷದ ಸೀಸನ್‌ನಲ್ಲೇ ಸೂಪರ್ ಬೌಲ್ ಆಡಿದ.

ಹಾಗಾಗಿ ಈಗ ಯಾವ ಹುಡುಗನ ವರದಿ ಸಿಕ್ಕರೂ ನಾನು ಓಟದ ಸೆಕೆಂಡ್ ನೋಡುವುದು ಕೊನೆಗೆ. ಸೋಲುತ್ತಿದ್ದ ಪಂದ್ಯದ ಕೊನೇ ಹತ್ತು ನಿಮಿಷ ಅವನು ಏನು ಮಾಡಿದ ಅಂತ ಯಾರಾದರೂ ಬರೆದಿದ್ದಾರಾ ಅಂತ ಮೊದಲು ಹುಡುಕುತ್ತೇನೆ.