ಬೆಳಗಿನ ಜಾವ 4:59ರ ಹಕಾತಾ: ಯಾಮಾಕಾಸಾ ನೋಡುವವರಿಗೆ, ಯತಾಯ್‌ನಲ್ಲಿ ಉಣ್ಣುವವರಿಗೆ

ಜುಲೈ 14ರ ರಾತ್ರಿ ಬೀದಿಬದಿಯ ಗಾಡಿ ಅಂಗಡಿಯಾದ ಯತಾಯ್‌ನಲ್ಲಿ ಊಟಕ್ಕೆ ಕೂತವರು 15ರ ಬೆಳಗಿನ ಯಾಮಾಕಾಸಾ, ಅಂದರೆ ತೇರು ಹೊತ್ತು ಓಡುವ ಹಬ್ಬ, ತಪ್ಪಿಸಿಕೊಳ್ಳುತ್ತಾರೆ. ಜಪಾನಿನ ಫುಕುವೋಕಾ ನಗರದ ಪ್ರವಾಸದಲ್ಲಿ ಆಗುವ ದೊಡ್ಡ ಎಡವಟ್ಟು ಇದೇ. ಈ ಅಂಗಡಿಗಳು ನಡುರಾತ್ರಿ ದಾಟಿಯೂ ತೆರೆದಿರುತ್ತವೆ, ಹಬ್ಬದ ಮುಖ್ಯ ಓಟ ಬೆಳಗಿನ ಜಾವ 4:59ಕ್ಕೆ. 12 ಮತ್ತು 13ರ ರಾತ್ರಿ ತಿನ್ನಲು ಇಟ್ಟುಕೊಳ್ಳಿ, 14ರಂದು ಎಂಟು ಗಂಟೆಗೇ ಮಲಗಿ.

ಫುಕುವೋಕಾದಲ್ಲಿ ನಾಕಾ ನದಿಯ ಪೂರ್ವಕ್ಕಿರುವ ವರ್ತಕರ ಹಳೇ ಪೇಟೆಯೇ ಹಕಾತಾ. ಅಲ್ಲಿನ ಕುಶಿದಾ ದೇವಸ್ಥಾನದ ಹಬ್ಬ ಜುಲೈ 1ರಿಂದ 15ರವರೆಗೆ ನಡೆಯುತ್ತದೆ. 1241ರಲ್ಲಿ ಊರಿಗೆ ಪಿಡುಗು ಬಂದಾಗ ಜೋತೆಂಜಿ ಮಠದ ಗುರು ಶೋಇಚಿ ಕೊಕುಶಿಯನ್ನು ಮರದ ಹಲಗೆಯ ಮೇಲೆ ಕೂರಿಸಿ ಹೊತ್ತರಂತೆ, ಆತ ಬೀದಿಬೀದಿಗೂ ನೀರು ಚಿಮುಕಿಸಿದನಂತೆ. ಹಬ್ಬದ ಮೂಲದ ಬಗ್ಗೆ ಊರವರು ಹೇಳುವ ಕಥೆ ಇದು. ಇಂದಿಗೂ ದಾರಿಯುದ್ದಕ್ಕೂ ಹೊರುವವರ ಮೇಲೆ ಬಕೆಟ್‌ಗಟ್ಟಲೆ ನೀರು ಎರಚುತ್ತಾರೆ, ಮುಂದಿನ ಸಾಲಿನಲ್ಲಿ ನಿಂತ ನಿಮ್ಮ ಮೇಲೂ ಬೀಳುತ್ತದೆ. ಫೋನಿಗೆ ಪ್ಲಾಸ್ಟಿಕ್ ಚೀಲ, ಬೇಗ ಒಣಗುವ ಬಟ್ಟೆ, ಜಾರದ ಚಪ್ಪಲಿ ಬೇಕು. ಕೊಡೆ ಬಿಡಿಸಬೇಡಿ, ಹಿಂದಿನವರಿಗೆ ಏನೂ ಕಾಣುವುದಿಲ್ಲ.

ತೇರುಗಳಲ್ಲಿ ಎರಡು ಬಗೆ. ನಿಂತಲ್ಲೇ ನಿಲ್ಲುವ ಕಜಾರಿಯಾಮಾ ಹತ್ತು ಮೀಟರಿಗೂ ಎತ್ತರ. ಓಡುವ ಕಾಕಿಯಾಮಾ ಗಿಡ್ಡ, ಆದರೂ ತೂಕ ಸುಮಾರು ಒಂದು ಟನ್. ಹಿಂದೆ ಎತ್ತರದ್ದೇ ಓಡುತ್ತಿತ್ತು. ಮೇಜಿ ಕಾಲದಲ್ಲಿ (1868–1912) ಬೀದಿಗೆ ವಿದ್ಯುತ್ ತಂತಿಗಳು ಬಂದ ಮೇಲೆ ನೋಡಲೊಂದು, ಹೊರಲೊಂದು ಎಂದು ಬೇರೆಯಾದವು. ಕಾಕಿಯಾಮಾಕ್ಕೆ ಚಕ್ರವಿಲ್ಲ, ಹಗ್ಗ ಕಟ್ಟಿ ಎಳೆಯುವುದೂ ಇಲ್ಲ. ನಮ್ಮ ಅಡ್ಡಪಲ್ಲಕ್ಕಿಯ ಹಾಗೆ ಹೆಗಲ ಮೇಲೆಯೇ ಹೋಗುತ್ತದೆ, ಅದೂ ಓಡುತ್ತಾ. ಕಚ್ಚೆ ಬಿಗಿದ ಗಂಡಸರು ‘ಒಯ್‌ಸಾ, ಒಯ್‌ಸಾ’ ಎನ್ನುತ್ತಾ ಓಟದ ನಡುವೆಯೇ ಹೆಗಲು ಬದಲಿಸುತ್ತಾರೆ. ನೋಡಬೇಕಾದದ್ದು ಅದನ್ನೇ.

15ರಂದು ಏಳು ಕೇರಿ ತಂಡಗಳ ತೇರುಗಳು ಒಂದೊಂದಾಗಿ ದೇವಸ್ಥಾನದ ಅಂಗಳಕ್ಕೆ ನುಗ್ಗಿ, ಧ್ವಜಸ್ತಂಭ ಸುತ್ತಿ ಹೊರಬೀಳುತ್ತವೆ. ಆ 112 ಮೀಟರಿಗೆ ಅರ್ಧ ನಿಮಿಷದ ಆಸುಪಾಸು ಸಾಕು. ಮೊದಲ ತೇರಿನವರಿಗೆ ಮಾತ್ರ ಅಂಗಳದಲ್ಲಿ ನಿಂತು ಮಂಗಳಗೀತೆ ಹಾಡುವ ಹಕ್ಕು. ಆ ಹಾಡಿಗಾಗಿಯೇ ಒಂದು ನಿಮಿಷ ಮುಂಚೆ, 4:59ಕ್ಕೆ ಹೊರಡುತ್ತಾರೆ. ಉಳಿದವು ಸುಮಾರು ಐದು ನಿಮಿಷಕ್ಕೊಂದು. ಅಲ್ಲಿಂದ ಮುಂದಕ್ಕೆ ಸುಮಾರು 5 ಕಿ.ಮೀ. ಓಟ.

ಅಂಗಳದ ಆಸನಗಳ ಟಿಕೆಟ್ ಜೂನ್ ಕೊನೆಯಲ್ಲಿ ದೇವಸ್ಥಾನದಲ್ಲೇ ಮಾರಾಟವಾಗಿ ಬೇಗ ಮುಗಿಯುತ್ತದೆ, ಹೊರಗಿನವರು ಅದರ ಆಸೆ ಬಿಡುವುದು ಒಳ್ಳೆಯದು. ಗಿಯೋನ್ ಮೆಟ್ರೋ ನಿಲ್ದಾಣದ ಪಕ್ಕದ ತೋಚೋಜಿ ಮಠದ ಮುಂದೆಯೋ ಜೋತೆಂಜಿ ಬಳಿಯೋ ನಾಲ್ಕು ಗಂಟೆಗೆ ಮುಂಚೆ ಹೋಗಿ ನಿಂತುಬಿಡಿ. ಮೆಟ್ರೋ ನಂಬಿಕೊಂಡು ದೂರ ತಂಗಬೇಡಿ. ಕುಶಿದಾಕ್ಕೆ ಕಾಲು ಗಂಟೆಯಲ್ಲಿ ನಡೆದು ಹೋಗುವಷ್ಟು ಹತ್ತಿರ ಕೋಣೆ ಹಿಡಿಯಿರಿ, ಅದನ್ನೂ ತಿಂಗಳುಗಳ ಮುಂಚೆ. ಬೆಳಗಿನ ಜಾವ ಏಳಲಾಗದವರು, ಮಕ್ಕಳಿರುವವರು 12ರ ಮಧ್ಯಾಹ್ನ 3:59ರ ತಾಲೀಮು ಓಟ ನೋಡಬಹುದು. ಸುಮಾರು 4 ಕಿ.ಮೀ.ನ ಓಟ, ಹುರುಪೇನೂ ಕಡಿಮೆಯಿಲ್ಲ. ಚಿತ್ರ ತೆಗೆಯುವವರಿಗಂತೂ ಇದೇ ಮೇಲು, ಬೆಳಕಿರುತ್ತದೆ. ಆದರೆ ಮಳೆಗಾಲದ ಕೊನೆ. ಸೆಕೆಯೂ ಜಡಿಮಳೆಯೂ ಎರಡೂ ಸಿಗುತ್ತವೆ.

ಇನ್ನು ಊಟ. ನಕಾಸು, ತೆಂಜಿನ್, ನಗಹಾಮಾ ಈ ಮೂರು ಕಡೆ ಸೇರಿ ನೂರರ ಆಸುಪಾಸು ಯತಾಯ್‌ಗಳಿವೆ. ಇವಕ್ಕಾಗಿಯೇ 2013ರಲ್ಲಿ ನಗರಪಾಲಿಕೆ ಕಾಯ್ದೆ ಮಾಡಿತು. ಹಸಿ ಮೀನು ಮಾರುವಂತಿಲ್ಲ. ಬೆಲೆಪಟ್ಟಿ ಹಾಕಿರಲೇಬೇಕು, ಇಲ್ಲದ ಕಡೆ ಕೂರಬೇಡಿ. ಗಾಡಿಯಲ್ಲಿ ಎಂಟು-ಹತ್ತು ಜನಕ್ಕಷ್ಟೇ ಜಾಗ. ಇಬ್ಬರಿದ್ದರೆ ಸಲೀಸು, ಐವರಾದರೆ ಕಷ್ಟ, ಸೂಟ್‌ಕೇಸ್ ತಂದರೆ ಇನ್ನೂ ಕಷ್ಟ. ಸಂಜೆ ಆರೂವರೆ ಒಳಗೆ ಹೋದರೆ ಸಾಲಿಲ್ಲ. ತಲೆಗೊಂದು ಪಾನೀಯ, ಒಂದೆರಡು ತಿನಿಸು ಹೇಳಿ, ಮುಗಿದ ಕೂಡಲೇ ಎದ್ದು ಜಾಗ ಬಿಡುವುದು ಮರ್ಯಾದೆ. ಒಬ್ಬರಿಗೆ 2000ದಿಂದ 3500 ಯೆನ್ ನಗದು ಇರಲಿ. ಶೌಚಾಲಯ ಗಾಡಿಯಲ್ಲಿರುವುದಿಲ್ಲ, ಮೊದಲೇ ಮುಗಿಸಿಕೊಳ್ಳಿ. ಜೋರು ಮಳೆ ಬಂದರೆ ಗಾಡಿಯೇ ಬರುವುದಿಲ್ಲ.

ಇಲ್ಲಿನ ಶಾವಿಗೆ ಸಾರಾದ ರಾಮೆನ್‌ಗೆ ಹಂದಿ ಮೂಳೆಯನ್ನು ಗಂಟೆಗಟ್ಟಲೆ ಕೊತಕೊತ ಕುದಿಸುತ್ತಾರೆ. ಕೊಬ್ಬು ನೀರಿನಲ್ಲಿ ಬೆರೆತು ಸಾರು ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಶಾವಿಗೆ ತೆಳು, ಬೇಗ ಮೆತ್ತಗಾಗುತ್ತದೆ. ಹಾಗಾಗಿ ಬಟ್ಟಲಿಗೆ ಕಡಿಮೆ ಹಾಕಿ, ಬೇಕಾದವರಿಗೆ ಇನ್ನೊಂದು ಹಿಡಿ ಕೊಡುತ್ತಾರೆ. ಇದೇ ಕಾಯೆದಾಮಾ. ಮೊದಲೇ ಸಾರು ಕುಡಿದು ಮುಗಿಸಿದರೆ ಎರಡನೇ ಶಾವಿಗೆಗೆ ಸಾರೇ ಇರುವುದಿಲ್ಲ. ಅರ್ಧವಾದರೂ ಉಳಿಸಿ ಕೇಳಿ. ಶಾವಿಗೆ ಗಟ್ಟಿಯಿರಬೇಕೆಂದರೆ ‘ಕತಾ’, ಇನ್ನೂ ಗಟ್ಟಿಯೆಂದರೆ ‘ಬರಿಕತಾ’ ಅನ್ನಿ. ಮೊದಲ ಸಲಕ್ಕೆ ‘ಕತಾ’ ಸಾಕು. ಮೇಜಿನ ಮೇಲಿನ ಖಾರದ ಸಾಸಿವೆ ಸೊಪ್ಪಿನ ಉಪ್ಪಿನಕಾಯಿಯನ್ನು ಸಾರಿನ ರುಚಿ ನೋಡಿದ ಮೇಲೆ ಹಾಕಿಕೊಳ್ಳಿ, ಮೊದಲೇ ಸುರಿದರೆ ಸಾರು ಕೆಡುತ್ತದೆ.

ದನದ ಮಾಂಸ ತಿನ್ನದವರು ಮೋತ್ಸುನಾಬೆ ಎಂಬ ಬಿಸಿ ಸಾರಿನಿಂದ ದೂರವಿರಿ. ಎಲೆಕೋಸು, ಸೊಪ್ಪು ಮೇಲೆ ಕಂಡರೂ ಒಳಗಿರುವುದು ಸಾಮಾನ್ಯವಾಗಿ ದನದ ಕರುಳು. ಮಿಜುತಾಕಿ ಎಂಬ ಸಾರು ಕೋಳಿಯದ್ದು. ಮೆಂತೈಕೋ ಎಂದರೆ ಮೆಣಸಿನಕಾಯಿ ಖಾರದಲ್ಲಿ ನೆನೆಸಿದ ಮೀನಿನ ಮೊಟ್ಟೆ. ಯತಾಯ್‌ನ ಆಮ್ಲೆಟ್ ಒಳಗೂ ಇರುತ್ತದೆ, ಮೊಟ್ಟೆ ಮಾತ್ರ ತಿನ್ನುವವರು ಕೇಳಿ ನೋಡಿ.

ಶುದ್ಧ ಸಸ್ಯಾಹಾರಿಗಳಿಗೆ ನೇರವಾಗಿ ಹೇಳಬೇಕೆಂದರೆ, ಯತಾಯ್‌ನಲ್ಲಿ ನಿಮಗೆ ನಂಬಿಕೆಯಿಂದ ಉಣ್ಣುವಂಥದ್ದು ಏನೂ ಇಲ್ಲ. ಓದೆನ್‌ನ ಮೂಲಂಗಿಯೂ ಮೀನಿನ ಸಾರಿನಲ್ಲೇ ಬೆಂದಿರುತ್ತದೆ. ಹಕಾತಾದ ಮೆತ್ತನೆಯ ದಪ್ಪ ಗೋಧಿ ಶಾವಿಗೆ ಉದೋನ್, ಅದರ ಮೇಲಿನ ಗೊಬೋ ಬೇರಿನ ಬಜ್ಜಿ ಬಹಳ ರುಚಿ (ಜೋತೆಂಜಿಯಲ್ಲಿ ಉದೋನ್ ಇಲ್ಲೇ ಹುಟ್ಟಿತೆಂಬ ಕಲ್ಲೂ ಇದೆ), ಆದರೆ ಅದರ ಸಾರಿಗೂ ಮೀನೇ. ಅಂಗಡಿಯ ಪೊಟ್ಟಣದ ಅಲರ್ಜಿ ಪಟ್ಟಿ ಓದಿ ನೆಮ್ಮದಿಯಾಗಬೇಡಿ: ಸಾರಿಗೆ ಹೆಚ್ಚಾಗಿ ಬಳಸುವ ಕತ್ಸುವೋ ಮೀನು ಆ ಪಟ್ಟಿಯಲ್ಲೇ ಬರುವುದಿಲ್ಲ. ಬಿಸಿನೀರು ಹಾಕಿ ತಿನ್ನುವ ಉಪ್ಪಿಟ್ಟಿನ ಪೊಟ್ಟಣಗಳನ್ನು ಊರಿನಿಂದಲೇ ಒಯ್ಯಿರಿ. ಹಸಿ ಹಣ್ಣು, ಕರಿಬೇವು ಬೇಡ, ವಿಮಾನ ನಿಲ್ದಾಣದಲ್ಲೇ ತೆಗೆದುಕೊಂಡುಬಿಡುತ್ತಾರೆ.

ಬೆಂಗಳೂರಿನಿಂದ ಸಿಂಗಪುರ ಅಥವಾ ಬ್ಯಾಂಕಾಕ್ ಮೂಲಕ ಹೋಗುವುದು ಸುಲಭ. ಇಳಿಯುವುದು ಅಂತರರಾಷ್ಟ್ರೀಯ ಟರ್ಮಿನಲ್‌ನಲ್ಲಿ, ಮೆಟ್ರೋ ಇರುವುದು ದೇಶೀಯ ಟರ್ಮಿನಲ್‌ನಲ್ಲಿ. ನಡುವೆ ಉಚಿತ ಬಸ್ಸಿದೆ. ಅಲ್ಲಿಂದ ಹಕಾತಾ ನಿಲ್ದಾಣ ಐದೇ ನಿಮಿಷ.

ಓಟ ಮುಗಿದ 15ರಂದು ತೆಂಜಿನ್‌ನಿಂದ ನಿಶಿತೆತ್ಸು ರೈಲು ಹತ್ತಿ, ಫುತ್ಸುಕೈಚಿಯಲ್ಲಿ ಬದಲಿಸಿ ದಜೈಫುಗೆ ಹೋಗಬಹುದು, ಅರ್ಧ ಗಂಟೆಯ ದಾರಿ. ದೇವಸ್ಥಾನದ ಬೀದಿಯಲ್ಲಿ ಉಮೆಗಾಯೆ ಮೋಚಿ ಸಿಗುತ್ತದೆ: ಅಕ್ಕಿ ಹಿಟ್ಟಿನ ಬಿಲ್ಲೆ, ಒಳಗೆ ಅಜುಕಿ ಕಾಳಿನ ಸಿಹಿ ಹೂರಣ, ಮೇಲೆ ಉಮೆ (ಜಪಾನಿ ಪ್ಲಮ್) ಹೂವಿನ ಅಚ್ಚು. ಮೀನಿಲ್ಲ, ಮೊಟ್ಟೆಯಿಲ್ಲ. ಕಾವಲಿಯಿಂದ ತೆಗೆದ ಕೂಡಲೇ ತಿನ್ನಿ, ತಣ್ಣಗಾದರೆ ಹೊರಗಿನ ಗರಿ ಹೋಗಿ ಹಲ್ಲಿಗೆ ಅಂಟುತ್ತದೆ.